ನೂರು ವ್ಯಾಟ್ ಬಿಟ್ಟು ಏಳು ವ್ಯಾಟ್ ತಂದ ಕಥೆ: ಮೂರು ಸಾವಿರದೊಳಗೆ 2.1 ಸ್ಪೀಕರ್

ಮೊದಲೇ ಹೇಳಿಬಿಡ್ತೀನಿ, ನಾನು ಆಡಿಯೊ ಪಂಡಿತ ಅಲ್ಲ. ಮನೆಯಲ್ಲೇ ಕೂತು ಕಂಪ್ಯೂಟರ್ ಮುಂದೆ ಕೆಲಸ ಮಾಡುವವನು. ಬೆಳಗ್ಗೆ ವಾರ್ತೆ, ಮಧ್ಯಾಹ್ನ ಮೀಟಿಂಗು, ಸಂಜೆ ಹಾಡು, ರಾತ್ರಿ ಮಗನ ಗೇಮು, ಎಲ್ಲಾ ಅದೇ ಒಂದು ಮೇಜಿನ ಮೇಲೆ. ಇಷ್ಟು ದಿನ ಮಾನಿಟರ್ ಒಳಗೇ ಇದ್ದ ಸ್ಪೀಕರಿನಲ್ಲಿ ಕಾಲ ಹಾಕಿದ್ದೆ. ಅದರ ದನಿ ಹೇಗೆ ಅಂದ್ರೆ ಬೆಂಕಿಪೊಟ್ಟಣದೊಳಗೆ ಜೀರುಂಡೆ ಹಾಕಿ ಮುಚ್ಚಿದ ಹಾಗೆ. ಒಂದು ದಿನ ಸಾಕಾಯ್ತು. ಮೂರು ಸಾವಿರ ರೂಪಾಯಿ ಎತ್ತಿಟ್ಟೆ, ಅದರೊಳಗೆ ಎರಡು ಪುಟ್ಟ ಸ್ಪೀಕರು, ಜೊತೆಗೆ ದಪ್ಪ ದನಿಗೆ ಅಂತಲೇ ಇರೋ ಒಂದು ಸಬ್‌ವೂಫರ್ ಬರಬೇಕು, ಅಷ್ಟೇ ನನ್ನ ಲೆಕ್ಕ.

ಈಗ ಮೇಜಿನ ಮೇಲಿರೋದು ಲಾಜಿಟೆಕ್ ಜೆಡ್213. ಒಟ್ಟು 7 ವ್ಯಾಟ್. ಹೌದು, ಏಳು. ಎಪ್ಪತ್ತಲ್ಲ. ಅದಕ್ಕಿಂತ ಮುಂಚೆ ಅದೇ ಜಾಗದಲ್ಲಿ ಡಬ್ಬದ ಮೇಲೆ '100 ವ್ಯಾಟ್' ಅಂತ ಅಂಗೈಯಗಲ ಬರೆದಿದ್ದ ಒಂದು ಸೆಟ್ ಎರಡು ತಿಂಗಳು ಇತ್ತು. ಅದು ಹೋಗಿ ಇದು ಬಂದದ್ದು ಹೇಗೆ ಅನ್ನೋದನ್ನು ಬರೆದರೆ ಯಾರಿಗಾದರೂ ಉಪಯೋಗ ಆದೀತು ಅಂತ ಕೂತಿದ್ದೀನಿ.

ಆ ನೂರು ವ್ಯಾಟಿನ ಸೆಟ್ ಯಾವ ಕಂಪನಿಯದು ಅಂತ ಹೇಳಲ್ಲ. ಹೇಳಿಯೂ ಪ್ರಯೋಜನ ಇಲ್ಲ, ಅದೇ ಥರದ್ದು ಹತ್ತಾರು ಹೆಸರಿನಲ್ಲಿ ಸಿಗುತ್ತೆ. ಆನ್‌ಲೈನ್ ಸೇಲ್‌ನಲ್ಲಿ ಎಮ್‌ಆರ್‌ಪಿ ಎಂಟು ಸಾವಿರ ಚಿಲ್ಲರೆ ಅಂತ ಗೀಟು ಹೊಡೆದು ಪಕ್ಕದಲ್ಲಿ 2,499 ಅಂತ ಹಾಕಿದ್ದರು. ಬ್ಲೂಟೂತ್, ಎಫ್‌ಎಮ್, ಪೆನ್‌ಡ್ರೈವ್, ಮೆಮೊರಿ ಕಾರ್ಡ್, ರಿಮೋಟ್, ಮೈಕ್ ಹಾಕೋ ತೂತು, ಏನುಂಟು ಏನಿಲ್ಲ. ಸಬ್‌ವೂಫರ್ ಮುಂದೆ ಬಣ್ಣಬಣ್ಣದ ಲೈಟು. ಬಂದ ದಿನ ಮನೆಯವರೆಲ್ಲ ಸುತ್ತ ಕೂತು ನೋಡಿದ್ದೇ ನೋಡಿದ್ದು. ಒಂದು ಸಿನಿಮಾ ಟ್ರೇಲರ್ ಹಾಕಿದರೆ ಕಿಟಕಿ ಗಾಜು ಗಡಗಡ ಅಂತು. ಮಗ ಖುಷಿ. ನಾನೂ ಖುಷಿ. 'ಪೈಸಾ ವಸೂಲ್' ಅಂತ ಐದು ಸ್ಟಾರ್ ಕೊಟ್ಟು ರಿವ್ಯೂ ಬೇರೆ ಹಾಕಿಬಿಟ್ಟೆ. ಆ ರಿವ್ಯೂ ಈಗ ಅಳಿಸಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಕೆಲವೇ ದಿನದಲ್ಲಿ ಒಂದೊಂದೇ ಬಣ್ಣ ಬಯಲಾಯ್ತು. ಮೊದಲನೆಯದು ಆ ಲೈಟು. ಆಫ್ ಮಾಡೋಕೆ ಬಟನ್ನೇ ಇಲ್ಲ. ರಾತ್ರಿ ಹಾಲಿನಲ್ಲಿ ದೀಪ ಆರಿಸಿದರೂ ಗೋಡೆ ಮೇಲೆ ನೀಲಿ, ಕೆಂಪು, ಹಸಿರು ಓಡಾಡುತ್ತೆ, ಆರ್ಕೆಸ್ಟ್ರಾ ಸ್ಟೇಜಿನ ಹಿಂದೆ ಮಲಗಿದ ಹಾಗೆ. ಕೊನೆಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿದೆ. ಎರಡನೆಯದು ಇನ್ನೂ ಚೆನ್ನಾಗಿದೆ. ಕರೆಂಟ್ ಹೋಗಿ ಬಂದರೆ ಅದಕ್ಕೆ ಹಿಂದಿನದ್ದು ಏನೂ ನೆನಪಿರಲ್ಲ. ನೀವು ಎಷ್ಟೇ ಸಣ್ಣ ದನಿಗೆ ಇಟ್ಟಿದ್ದರೂ ಅದು ತನ್ನದೇ ಒಂದು ದೊಡ್ಡ ವಾಲ್ಯೂಮಿಗೆ ಹೋಗಿ, ಬ್ಲೂಟೂತ್ ಮೋಡ್‌ಗೆ ಬಂದು, ಒಬ್ಬ ಹೆಂಗಸಿನ ದನಿಯಲ್ಲಿ 'ಬ್ಲೂಟೂತ್ ಮೋಡ್' ಅಂತ ಕೂಗುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಕರೆಂಟ್ ಬರೋದು ಮಾಮೂಲು. ಆ ಹೊತ್ತಿನಲ್ಲಿ ಅದು ಕೂಗಿದಾಗ ಹೆಂಡತಿ ಎದ್ದು ಕೂತು 'ಯಾರ್ರೀ ಅದು?' ಅಂದಳು. ಮೂರನೇ ಸಲ ಹಾಗೇ ಆದ ಮೇಲೆ ಮಲಗೋ ಮುಂಚೆ ಗ್ಯಾಸ್ ಆಫ್ ಮಾಡಿದ ಹಾಗೆ ಅದರ ಪ್ಲಗ್ ಕಿತ್ತು ಮಲಗೋದು ಅಭ್ಯಾಸ ಆಯ್ತು.

ಇದೆಲ್ಲ ಸಹಿಸಬಹುದಿತ್ತು. ಆದರೆ ತೀರ್ಥಹಳ್ಳಿಯಿಂದ ಮಾವ ಬಂದರು. ಅವರಿಗೆ ಯಕ್ಷಗಾನ ಅಂದ್ರೆ ಪ್ರಾಣ. ಹಳೇ ಆಟದ ಒಂದು ರೆಕಾರ್ಡಿಂಗ್ ಹುಡುಕಿ ಹಾಕಿಕೊಟ್ಟೆ, ಹೊಸ ಸ್ಪೀಕರ್ ಅಲ್ವಾ, ತೋರಿಸಬೇಕು ಅಂತ ಒಳಗೊಳಗೇ ಉಮೇದು. ಐದು ನಿಮಿಷ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಮೆಲ್ಲಗೆ, 'ಎಂಥದು ಮಾರಾಯ್ರೇ ಇದು? ಮದ್ದಳೆ ಗುಡುಗಿದ ಹಾಗೆ ಕೇಳ್ತದೆ, ಭಾಗವತರ ಪದವೇ ಗೊತ್ತಾಗೋದಿಲ್ಲ' ಅಂದರು. ಎದ್ದು ಹೋಗಿ ತಮ್ಮ ಮೊಬೈಲಿನಲ್ಲೇ ಅದನ್ನು ಹಾಕಿಕೊಂಡು ಕಿವಿ ಹತ್ತಿರ ಹಿಡಿದರು. ನನ್ನ ನೂರು ವ್ಯಾಟಿಗಿಂತ ಅವರ ಮೊಬೈಲಿನಲ್ಲಿ ಪದ ಸ್ಪಷ್ಟವಾಗಿ ಕೇಳ್ತಾ ಇತ್ತು. ಮುಖಕ್ಕೆ ಹೊಡೆದ ಹಾಗಾಯ್ತು.

ಅಲ್ಲಿಂದ ನಾನು ಕೇಳೋ ರೀತಿಯೇ ಬದಲಾಯ್ತು. ವಾರ್ತೆ ಹಾಕಿ ಗಮನ ಇಟ್ಟು ಕೇಳಿದೆ. ಹೆಂಗಸು ಓದಿದರೆ ಪರವಾಗಿಲ್ಲ. ಗಂಡಸು ಓದಿದರೆ ಅರ್ಧ ದನಿ ಮೇಜಿನ ಮೇಲಿಂದ, ಅರ್ಧ ದನಿ ಮೇಜಿನ ಕೆಳಗಿಂದ ಬರ್ತಾ ಇತ್ತು. ನಿಜವಾಗಲೂ ಯಾರೋ ನನ್ನ ಕಾಲ ಹತ್ತಿರ ಕೂತು ವಾರ್ತೆ ಓದ್ತಿದ್ದಾರೆ ಅನ್ನಿಸ್ತಿತ್ತು.

ಇದಕ್ಕೆ ಕಾರಣ ಇದೆ, ತಿಳಿದುಕೊಂಡರೆ ಸ್ಪೀಕರ್ ಆರಿಸೋದು ಅರ್ಧ ಸುಲಭ ಆಗುತ್ತೆ. 2.1 ಅಂದರೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಡಬ್ಬ, ಜೊತೆಗೆ ದಪ್ಪ ದನಿಗೆ ಅಂತಲೇ ಒಂದು ದೊಡ್ಡ ಡಬ್ಬ. ಪುಟ್ಟ ಡಬ್ಬದಲ್ಲಿರೋ ಸ್ಪೀಕರ್ ಎರಡು ಎರಡೂವರೆ ಇಂಚಿನದು, ಅದಕ್ಕೆ ತಗ್ಗು ದನಿ ಹೊರಡಿಸೋ ಶಕ್ತಿ ಇಲ್ಲ. ಹಾಗಾಗಿ ಇಂತಿಷ್ಟು ಹರ್ಟ್ಸಿನಿಂದ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಕಮ್ಮಿ ಆದಷ್ಟೂ ದನಿ ತಗ್ಗು) ಕೆಳಗಿನದೆಲ್ಲ ನೀನು ನೋಡ್ಕೋ ಅಂತ ದೊಡ್ಡ ಡಬ್ಬಕ್ಕೆ ಹಂಚಿಬಿಡುತ್ತಾರೆ. ಆ ಗಡಿಗೆ ಕ್ರಾಸ್‌ಓವರ್ ಅಂತಾರೆ. ಗಡಿ 80 ಹರ್ಟ್ಸ್ ಆಸುಪಾಸು ಇದ್ದರೆ ದಪ್ಪ ದನಿ ಯಾವ ಕಡೆಯಿಂದ ಬರ್ತಿದೆ ಅಂತ ನಮ್ಮ ಕಿವಿಗೆ ಸುಲಭವಾಗಿ ಗೊತ್ತಾಗಲ್ಲ. ಹಾಗಾಗಿ ಸಬ್‌ವೂಫರ್ ಎಲ್ಲಿಟ್ಟರೂ ನಡೆಯುತ್ತೆ ಅಂತ ಹೇಳೋದು. ಆದರೆ ಅಗ್ಗದ ಸೆಟ್ಟಿನಲ್ಲಿ ಪುಟ್ಟ ಡಬ್ಬ ತೀರಾ ಬಡಕಲು. ಅದಕ್ಕೇ ಗಡಿಯನ್ನು 150, 200ರ ತನಕ ಮೇಲೆ ಎಳೆದಿರುತ್ತಾರೆ. ಗಂಡಸಿನ ಮಾತಿನ ಬುಡದ ದನಿ ಇರೋದೇ ಸುಮಾರು 85ರಿಂದ 180 ಹರ್ಟ್ಸ್ ನಡುವೆ. ಅಂದ್ರೆ ಭಾಗವತರ ದನಿಯ ತಗ್ಗು ಭಾಗ ಮದ್ದಳೆ ಜೊತೆ ಅದೇ ದೊಡ್ಡ ಡಬ್ಬಕ್ಕೆ ಹೋಗಿ ಬೀಳುತ್ತೆ. ಅಲ್ಲಿ ಮದ್ದಳೆ ಗುದ್ದುವಾಗ ಪದ ಎಲ್ಲಿ ಕೇಳೀತು?

ಆದ್ದರಿಂದ ನನ್ನ ಮಟ್ಟಿಗೆ ಈ ಬೆಲೆಯಲ್ಲಿ ಸಬ್‌ವೂಫರ್ ನೋಡಿ ಸ್ಪೀಕರ್ ತಗೊಳ್ಳೋದು ತಪ್ಪು. ಆ ಎರಡು ಪುಟ್ಟ ಡಬ್ಬ ಹೇಗೆ ಮಾತಾಡ್ತವೆ ಅನ್ನೋದೇ ಮುಖ್ಯ. ಗುಡುಗು ಯಾರು ಬೇಕಾದರೂ ಕೊಡ್ತಾರೆ. ಮಾತು ಕೊಡೋದು ಕಷ್ಟ.

ಇನ್ನು ಆ ವ್ಯಾಟಿನ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಾನು ಮೋಸ ಹೋಗಿದ್ದೇ ಇಲ್ಲಿ. ನೂರು ವ್ಯಾಟ್ ಸೆಟ್ಟಿನ ಅಡಾಪ್ಟರ್ ಒಂದು ದಿನ ಸುಮ್ನೆ ಕೈಗೆ ತಗೊಂಡು ನೋಡಿದೆ. ಹೊಟ್ಟೆ ಮೇಲೆ ಇರುವೆ ಸಾಲಿನ ಹಾಗೆ ಸಣ್ಣಗೆ ಬರೆದಿತ್ತು: ಔಟ್‌ಪುಟ್ 12 ವೋಲ್ಟ್, 2 ಆಂಪ್. ಮೊಬೈಲ್ ಟಾರ್ಚ್ ಹಾಕಿ ಎರಡು ಸಲ ಓದಿದೆ. ಹನ್ನೆರಡನ್ನು ಎರಡರಿಂದ ಗುಣಿಸಿದರೆ 24. ಒಳಗೆ ಹೋಗೋದೇ 24 ವ್ಯಾಟ್ ಆದರೆ ಹೊರಗೆ ನೂರು ಎಲ್ಲಿಂದ ಬರಬೇಕು? ಅದರಲ್ಲೂ ಸ್ವಲ್ಪ ಬಿಸಿಯಾಗಿ ಹೋಗುತ್ತೆ, ಸ್ವಲ್ಪ ಆ ದರಿದ್ರ ಲೈಟಿಗೆ ಹೋಗುತ್ತೆ. ಒಂದು ಕ್ಷಣಕ್ಕೆ ಜಾಸ್ತಿ ಎಳೆದುಕೊಳ್ಳಬಹುದು, ಒಂದೇ ಸಮನೆ ಕೊಡೋಕೆ ಸಾಧ್ಯವೇ ಇಲ್ಲ. ಯುಎಸ್‌ಬಿಯಿಂದ ಕರೆಂಟ್ ತಗೊಳ್ಳೋ ಸೆಟ್ಟುಗಳಿಗೂ ಇದೇ ಲೆಕ್ಕ. ಕಂಪ್ಯೂಟರಿನ ಮಾಮೂಲಿ ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟ್, ಅರ್ಧ ಆಂಪ್, ಅಂದ್ರೆ ಎರಡೂವರೆ ವ್ಯಾಟ್. ಯುಎಸ್‌ಬಿ 3.0 ಆದರೆ ನಾಲ್ಕೂವರೆ. ಅದಕ್ಕೆ ಚುಚ್ಚೋ ಸ್ಪೀಕರ್ ಮೇಲೆ '60 ವ್ಯಾಟ್' ಅಂತ ಬರೆದಿದ್ದರೆ ನಗಬೇಕಷ್ಟೇ.

ಡಬ್ಬದ ಮೇಲೆ ಆರ್‌ಎಮ್‌ಎಸ್ ಅಂತ ಬರೆದಿರೋ ವ್ಯಾಟ್ ಮಾತ್ರ ನೋಡಿ. ಅದು ಒಂದೇ ಸಮನೆ ಕೊಡೋ ಶಕ್ತಿ. ಪೀಕ್ ಅಂತ ಇದ್ದರೆ ಸಾಮಾನ್ಯವಾಗಿ ಅದರ ಎರಡರಷ್ಟು ಬರೆದಿರುತ್ತಾರೆ. ಪಿಎಮ್‌ಪಿಒ ಅಂತ ಇನ್ನೊಂದಿತ್ತು, ಹಳೇ ಟೇಪ್‌ರೆಕಾರ್ಡರ್ ಕಾಲದವರಿಗೆ ನೆನಪಿರುತ್ತೆ, ಕೈಯಲ್ಲಿ ಎತ್ತಿಕೊಂಡು ಹೋಗೋ ಸೆಟ್ಟಿನ ಮೇಲೆ 1000 ವ್ಯಾಟ್ ಅಂತ ಇರ್ತಿತ್ತು. ಅದನ್ನು ಹೀಗೇ ಅಳೆಯಬೇಕು ಅನ್ನೋ ಒಂದು ನಿಯಮವೇ ಇಲ್ಲ, ಬಾಯಿಗೆ ಬಂದಿದ್ದು ಬರೆದುಕೊಳ್ಳಬಹುದು. ಹಾಗೇ '20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್' ಅನ್ನೋ ಸಾಲನ್ನೂ ನಂಬಬೇಡಿ. ಅದು ಮನುಷ್ಯನ ಕಿವಿಯ ಅಳತೆ, ನಾಲ್ಕಿಂಚಿನ ಡಬ್ಬದ ಅಳತೆ ಅಲ್ಲ.

ಇನ್ನೊಂದು ವಿಷಯ ನನಗೂ ಆಶ್ಚರ್ಯ ಆಗಿದ್ದು. ವ್ಯಾಟ್ ಎರಡು ಪಟ್ಟು ಆದರೆ ದನಿ ಎರಡು ಪಟ್ಟು ಆಗಲ್ಲ. ದನಿಯ ಜೋರು ಅಳೆಯೋ ಲೆಕ್ಕದಲ್ಲಿ ಬರೀ 3 ಡೆಸಿಬಲ್ ಏರುತ್ತೆ, ಕಿವಿಗೆ 'ಸ್ವಲ್ಪ ಜೋರು' ಅನ್ನಿಸುತ್ತೆ ಅಷ್ಟೇ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದ್ರೆ ಹತ್ತು ಪಟ್ಟು ವ್ಯಾಟ್ ಬೇಕು. ಲಾಜಿಟೆಕ್‌ನಲ್ಲೇ ಜೆಡ್213ಕ್ಕೆ 7 ವ್ಯಾಟ್, ಜೆಡ್313ಕ್ಕೆ 25 ವ್ಯಾಟ್. ಮೂರೂವರೆ ಪಟ್ಟು ಜಾಸ್ತಿ ಅನ್ನಿಸುತ್ತೆ ಅಲ್ವಾ? ಉಳಿದದ್ದೆಲ್ಲ ಒಂದೇ ಅಂದುಕೊಂಡರೆ ಕಿವಿಗೆ ಅದು ಒಂದೂವರೆ ಪಟ್ಟೂ ಸರಿಯಾಗಿ ಆಗಲ್ಲ. ಎರಡೂವರೆ ಅಡಿ ದೂರದಲ್ಲಿ ಕೂತು ಕೇಳೋನಿಗೆ ಒಂದೆರಡು ವ್ಯಾಟೇ ಧಾರಾಳ. ಹಾಲ್ ತುಂಬಬೇಕು, ಹುಟ್ಟುಹಬ್ಬಕ್ಕೆ ಕುಣಿಯಬೇಕು ಅಂದ್ರೆ ಮಾತು ಬೇರೆ.

ಇಷ್ಟು ತಲೆಗೆ ಹೋದ ಮೇಲೆ ಒಂದು ಶನಿವಾರ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌.ಪಿ. ರೋಡಿಗೆ ಹೋದೆ. ಆನ್‌ಲೈನ್ ಸಹವಾಸ ಸಾಕು, ಕಿವಿಯಾರೆ ಕೇಳಿಯೇ ತಗೊಳ್ಳೋದು ಅಂತ. ಮೊಬೈಲಿನಲ್ಲಿ ನಾಲ್ಕು ತುಣುಕು ಇಟ್ಟುಕೊಂಡಿದ್ದೆ, ಜೇಬಿನಲ್ಲಿ ಮೊಬೈಲನ್ನು ಸ್ಪೀಕರಿಗೆ ಸೇರಿಸೋ ಒಂದು ಆಕ್ಸ್ ಕೇಬಲ್. ನೆಟ್ಟಿನಿಂದ ಹಾಕಬೇಡಿ, ಅಂಗಡಿಯೊಳಗೆ ಸಿಗ್ನಲ್ ಸಿಗಲ್ಲ, ಅದು ಅಳ್ತಾ ಅಳ್ತಾ ಬಂದರೆ ಸ್ಪೀಕರ್ ಕೆಟ್ಟದ್ದೋ ನೆಟ್ ಕೆಟ್ಟದ್ದೋ ಗೊತ್ತಾಗಲ್ಲ.

ಮೊದಲ ತುಣುಕು ಗಂಡಸು ಓದಿದ ವಾರ್ತೆ, ಬೇಸ್ (ದಪ್ಪ ದನಿ) ನಾಬ್ ಪೂರ್ತಿ ಕೆಳಗೆ ಇಳಿಸಿ. ಮಾತು ಎಲ್ಲಿಂದ ಬರ್ತಿದೆ, 'ಸ' 'ಶ' 'ಚ' ಕಿವಿಗೆ ಚುಚ್ಚುತ್ತಾ ಅಂತ ನೋಡೋದು. ಎರಡನೆಯದು ತಂಬೂರಿ, ಬರೀ ತಂಬೂರಿ. ಒಳ್ಳೆ ಸ್ಪೀಕರಿನಲ್ಲಿ ತಂತಿ ಮೀಟಿದ ಮೇಲೆ ಒಂದು ಜೇನು ಜಿನುಗಿದ ಹಾಗೆ ನಾದ ಉದ್ದಕ್ಕೆ ಬರುತ್ತೆ. ಕೆಟ್ಟದ್ದರಲ್ಲಿ ಜುಂಯ್ ಅಂತ ಒಂದೇ ಮುದ್ದೆ. ಮೂರನೆಯದು ತಬಲಾ. ಇದು ಸಬ್‌ವೂಫರಿಗೆ ಅಂತಲೇ ಇಟ್ಟ ಪರೀಕ್ಷೆ. ಡಗ್ಗಾ, ಅಂದ್ರೆ ತಬಲಾ ಜೋಡಿಯಲ್ಲಿ ದೊಡ್ಡದರ ಮೇಲೆ ಅಂಗೈ ಒತ್ತಿ ಜಾರಿಸಿದಾಗ ದನಿ 'ಗುಂವ್' ಅಂತ ಕೆಳಗಿಂದ ಮೇಲಕ್ಕೆ ಜಾರುತ್ತಲ್ಲ, ಆ ಜಾರಿಕೆ ಕೇಳಬೇಕು. ಅಗ್ಗದ ಡಬ್ಬಗಳಿಗೆ ಒಂದೇ ಸ್ವರದ ಬೇಸ್ ಗೊತ್ತಿರೋದು. ಡಗ್ಗಾ ಬಾರಿಸಿದರೂ ಅದೇ ದಂ, ಡೊಳ್ಳು ಬಾರಿಸಿದರೂ ಅದೇ ದಂ, ಸಿನಿಮಾದಲ್ಲಿ ಕಾರು ಸಿಡಿದರೂ ಅದೇ ದಂ. ನಾಲ್ಕನೆಯದು ಡೊಳ್ಳು ಕುಣಿತ. ಒಂದು ಏಟು ಮುಗಿದ ಮೇಲೆ ಇನ್ನೊಂದು ಶುರು ಆಗೋ ನಡುವೆ ಒಂದು ಖಾಲಿ ಜಾಗ ಇರುತ್ತೆ. ಅದು ಕೇಳಿಸಿದರೆ ಸರಿ. ಹಿಂದಿನ ಏಟಿನ ಬಾಲ ಮುಂದಿನ ಏಟಿನ ತಲೆಗೆ ಸುತ್ತಿಕೊಂಡರೆ ಬಿಟ್ಟುಬಿಡಿ.

ಮೂರನೇ ಅಂಗಡಿಯಲ್ಲಿ ಒಬ್ಬ ಹುಡುಗ ತಾಳ್ಮೆಯಿಂದ ನಾಲ್ಕೈದು ಸೆಟ್ ಹಾಕಿ ಕೇಳಿಸಿದ. ಮಾಮೂಲಿನಂತೆ ಅವನೂ ಮೊದಲು ಹಾಕಿದ್ದು ಕಿವಿ ಕಿತ್ತುಹೋಗೋ ಡಿಜೆ ರೀಮಿಕ್ಸು. 'ಸರ್ ಬೇಸ್ ನೋಡಿ ಸರ್, ಬೇಸ್' ಅಂತ ಸಬ್‌ವೂಫರಿನ ತೂತಿನ ಮುಂದೆ ಕೈ ಹಿಡಿಸಿದ. ಗಾಳಿ ಬಡಿಯೋದು ನಿಜ, ಆ ತೂತು ಇರೋದೇ ಅದಕ್ಕೆ, ಡಬ್ಬದೊಳಗಿನ ಗಾಳಿ ಒಂದು ಸ್ವರದ ಹತ್ತಿರ ಮೊರೆದು ದನಿಗೆ ಕೈ ಜೋಡಿಸುತ್ತೆ. ತೂತು ತೀರಾ ಸಣ್ಣದಿದ್ದರೆ ಜೋರಾಗಿಟ್ಟಾಗ ಅದೇ ಗಾಳಿ ಪುಸ್ ಪುಸ್ ಅನ್ನುತ್ತೆ. ನಾನು 'ಅಣ್ಣ, ಒಂದ್ನಿಮಿಷ, ನಂದು ಹಾಕ್ತೀನಿ' ಅಂತ ವಾರ್ತೆ ಹಾಕಿದೆ. ಅವನು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ಸಬ್‌ವೂಫರ್ ಕೊಳ್ಳೋಕೆ ಬಂದು ವಾರ್ತೆ ಕೇಳೋನು ನಾನೇ ಮೊದಲಿಗ ಇರಬೇಕು.

ಜೆಡ್213 ಡೆಮೋಗೇ ಇಟ್ಟಿರಲಿಲ್ಲ. ನಾನೇ ಕೇಳಿದೆ. 'ಸರ್ ಅದು ಏಳೇ ವ್ಯಾಟು, ಯಾರೂ ಕೇಳಲ್ಲ' ಅಂದ. ತಗೊಂಡರೂ ತಗೋಬಹುದು ಅಂತ ನಾನು ಹೇಳಿದ ಮೇಲೆ ಡಬ್ಬ ಬಿಚ್ಚಿದ. ವಾರ್ತೆ ಹಾಕಿದ ಕೂಡಲೇ ಗೊತ್ತಾಯ್ತು. ಮಾತು ಮೇಜಿನ ಮೇಲೇ ಇತ್ತು. ಡಗ್ಗಾ ಜಾರಿತು. ಡೊಳ್ಳು ಮಾತ್ರ ದೂರದಲ್ಲಿ ಎಲ್ಲೋ ಜಾತ್ರೆಯಲ್ಲಿ ಬಾರಿಸಿದ ಹಾಗೆ ಇತ್ತು, ಎದೆಗೆ ಬಡಿಯಲಿಲ್ಲ. ಆದರೆ ಏಟು ಏಟಾಗಿ ಕೇಳಿಸ್ತು. ಅಷ್ಟು ಸಾಕು ಅನ್ನಿಸ್ತು. ಮೂರು ಸಾವಿರದಲ್ಲಿ ಇನ್ನೂ ಒಂದಿಷ್ಟು ದುಡ್ಡು ಉಳಿಯಿತು, ವಾಪಸ್ ಬರ್ತಾ ದೋಸೆ ತಿಂದೆ.

ಸೆಟ್ಟಿನ ಬಗ್ಗೆ ಹೇಳಬೇಕಂದ್ರೆ, ಅದರಲ್ಲಿ ಹೇಳಿಕೊಳ್ಳೋಕೆ ಏನೂ ಇಲ್ಲ, ಅದೇ ಅದರ ಗುಣ. ಬ್ಲೂಟೂತ್ ಇಲ್ಲ, ಎಫ್‌ಎಮ್ ಇಲ್ಲ, ಲೈಟಿನ ಆಟ ಇಲ್ಲ. ಒಂದು 3.5 ಎಮ್‌ಎಮ್ ಪಿನ್ನು ಕಂಪ್ಯೂಟರಿಗೆ. ಮೇಜಿನ ಮೇಲೆ ಇಟ್ಟುಕೊಳ್ಳೋಕೆ ವೈರಿನ ತುದಿಯಲ್ಲಿ ಒಂದು ಪುಟ್ಟ ಗುಂಡಿ, ಅದರಲ್ಲೇ ಆನ್ ಆಫ್, ಅದರಲ್ಲೇ ವಾಲ್ಯೂಮ್, ಅದರಲ್ಲೇ ಹೆಡ್‌ಫೋನ್ ತೂತು. ಈ ಗುಂಡಿ ಎಷ್ಟು ದೊಡ್ಡ ಸುಖ ಅಂತ ಬಳಸಿದವರಿಗೇ ಗೊತ್ತು. ಫೋನ್ ಬಂದರೆ ಸಟಕ್ಕನೆ ತಿರುಗಿಸಿದರೆ ಆಯ್ತು, ಮೇಜಿನ ಕೆಳಗೆ ಬಗ್ಗಬೇಕಿಲ್ಲ. ಕರೆಂಟ್ ಹೋಗಿ ಬಂದರೂ ನಾಬ್ ಎಲ್ಲಿತ್ತೋ ಅಲ್ಲೇ. ರಾತ್ರಿ ಯಾರೂ ಕೂಗಲ್ಲ. ಬೇಸ್ ನಾಬ್ ಸಬ್‌ವೂಫರಿನ ಬೆನ್ನಿಗಿದೆ, ಅದನ್ನು ಒಂದು ಸಲ ಹೊಂದಿಸಿ ಮರೆತುಬಿಡಬಹುದು. ನಂದು ಅರ್ಧಕ್ಕಿಂತ ಸ್ವಲ್ಪ ಕೆಳಗಿದೆ.

ಬ್ಲೂಟೂತ್ ಬೇಕೇ ಬೇಕು ಅನ್ನೋರು ಬೇರೆ ನೋಡಿ. ಆದರೆ ಗೇಮ್ ಆಡೋ ಮಕ್ಕಳಿದ್ದರೆ ವೈರೇ ಒಳ್ಳೇದು. ಬ್ಲೂಟೂತಿನಲ್ಲಿ ದನಿ ಬರೋದು ಕಾಲು ಸೆಕೆಂಡಿನ ಆಸುಪಾಸು ತಡ ಆಗಬಹುದು, ಗುಂಡು ಹೊಡೆದ ಮೇಲೆ ಸದ್ದು ಬರುತ್ತೆ. ಯುಎಸ್‌ಬಿ ಕರೆಂಟಿನಲ್ಲೇ ನಡೆಯೋದು ಬೇಕಾದರೆ ಕ್ರಿಯೇಟಿವ್ ಪೆಬಲ್ ಪ್ಲಸ್ ಇದೆ. ಅದರ ಪುಟ್ಟ ಡಬ್ಬಗಳಲ್ಲಿ ಸ್ಪೀಕರನ್ನು 45 ಡಿಗ್ರಿ ಮೇಲಕ್ಕೆ ಮುಖ ಮಾಡಿ ಕೂರಿಸಿದ್ದಾರೆ, ದನಿ ಹೊಟ್ಟೆಗೆ ಬಡಿಯೋ ಬದಲು ಕಿವಿಗೆ ಬರುತ್ತೆ. ಒಳ್ಳೆ ಯೋಚನೆ. ದೊಡ್ಡ ರೂಮಿಗೆ, ಇನ್ನೂ ಖರ್ಚು ಮಾಡೋಕೆ ಸಿದ್ಧ ಅನ್ನೋರಿಗೆ ಲಾಜಿಟೆಕ್‌ನದ್ದೇ ಜೆಡ್333 ಇದೆ, 40 ವ್ಯಾಟ್ ಆರ್‌ಎಮ್‌ಎಸ್, ಬೇಸ್ ನಾಬೂ ಇದೆ. ನನ್ನ ಬಜೆಟ್ ದಾಟುತ್ತೆ, ಹಾಗಾಗಿ ಅದರ ಬಗ್ಗೆ ಜಾಸ್ತಿ ಕೊರೆಯಲ್ಲ.

ಮನೆಗೆ ತಂದ ಮೇಲಿನ ಕೆಲಸ ಇದೆಯಲ್ಲ, ಅದನ್ನು ಯಾರೂ ಹೇಳಿಕೊಡಲ್ಲ. ಬಂದ ದಿನ ಸಬ್‌ವೂಫರನ್ನು ಮೇಜಿನ ಕೆಳಗೆ ಮೂಲೆಗೆ ತಳ್ಳಿದೆ, ಎಲ್ಲರೂ ಅಲ್ಲೇ ಅಲ್ವಾ ಇಡೋದು. ಅಂಗಡಿಯಲ್ಲಿ ಚೆನ್ನಾಗಿದ್ದ ಸೆಟ್ ಮನೆಯಲ್ಲಿ ಮತ್ತೆ ಗುಂಯ್‌ಗುಡೋಕೆ ಶುರು. ಎದೆ ಝಲ್ ಅಂತು, ಇನ್ನೊಂದು ಸಲ ಕೈ ಸುಟ್ಟುಕೊಂಡೆನಾ ಅಂತ. ಕಾರಣ ಮೂಲೆ. 50 ಹರ್ಟ್ಸ್ ದನಿಯ ಒಂದು ಅಲೆ ಸುಮಾರು 7 ಮೀಟರ್ ಉದ್ದ, ನಮ್ಮ ಬಾಡಿಗೆ ಮನೆಯ ಹಾಲಿಗಿಂತ ಉದ್ದ. ಮೂಲೆಯಲ್ಲಿಟ್ಟರೆ ಎರಡು ಗೋಡೆ, ಒಂದು ನೆಲ ಸೇರಿ ಅದನ್ನು ವಾಪಸ್ ತಳ್ಳಿ ತಳ್ಳಿ ಉಬ್ಬಿಸುತ್ತವೆ. ಅದನ್ನು ಮೂಲೆಯಿಂದ ಎರಡು ಅಡಿ ಈಚೆ ಎಳೆದೆ. ಗುಂಯ್ ಅನ್ನೋದು ಅರ್ಧಕ್ಕರ್ಧ ಹೋಯ್ತು. ಒಂದು ಪೈಸೆ ಖರ್ಚಿಲ್ಲ. ಪುಟ್ಟ ಡಬ್ಬಗಳ ಕೆಳಗೆ ಮಗನ ಹಳೇ ಪಿಯುಸಿ ಗೈಡ್ ಎರಡೆರಡು ಇಟ್ಟು ಕಿವಿ ಎತ್ತರಕ್ಕೆ ತಂದೆ, ಸ್ವಲ್ಪ ಒಳಮುಖ ತಿರುಗಿಸಿದೆ. ಎರಡು ವರ್ಷದಲ್ಲಿ ಆ ಗೈಡುಗಳಿಗೆ ಸಿಕ್ಕ ಮೊದಲ ಕೆಲಸ.

ಕೆಳಗಿನ ಮನೆಯಲ್ಲಿ ಓನರ್ ಆಂಟಿ ಇರ್ತಾರೆ. ಹಳೇ ಸೆಟ್ ಇದ್ದಾಗ ಎರಡು ಸಲ ಹತ್ತಿ ಬಂದು 'ಏನಪ್ಪಾ, ಮೇಲೆ ಖಾರ ಕುಟ್ಟಿಸ್ತಿದ್ದೀರಾ?' ಅಂತ ಕೇಳಿದ್ದರು. ಸಿಟ್ಟಿನಿಂದಲ್ಲ, ಆದರೂ ಕೇಳಿದ್ದರು. ಮಾತು, ಹಾಡು ಗೋಡೆಯಲ್ಲಿ ತಡೆಯುತ್ತೆ. ಈ ದಂ ದಂ ಮಾತ್ರ ನೆಲ ಹಿಡಿದು ಇಳಿಯುತ್ತೆ. ಈಗ ಸಬ್‌ವೂಫರ್ ಕೆಳಗೆ ಒಂದು ದಪ್ಪ ರಬ್ಬರ್ ಕಾಲೊರೆಸು ಮಡಿಸಿ ಹಾಕಿದ್ದೀನಿ. ಆಂಟಿ ಮತ್ತೆ ಬಂದಿಲ್ಲ. ಬರೀ ರಬ್ಬರಿನಿಂದಲ್ಲ, ಸೆಟ್ಟೇ ಸಾಧು, ಆದರೂ ಹಾಕಿ.

ಒಂದು ತಲೆನೋವು ಹೊಸ ಸೆಟ್ ತಂದ ಮೇಲೂ ಇತ್ತು, ಅದಕ್ಕೆ ಸ್ಪೀಕರ್ ಕಾರಣ ಅಲ್ಲ. ಲ್ಯಾಪ್‌ಟಾಪಿಗೆ ಚುಚ್ಚಿ ಚಾರ್ಜರ್ ಹಾಕಿದ ಕೂಡಲೇ ಹಿಂದುಗಡೆ ಒಂದು ಸಣ್ಣ ಗುಯ್ ಸದ್ದು. ಚಾರ್ಜರ್ ಕಿತ್ತರೆ ನಿಶ್ಶಬ್ದ. ಇದು ಹೆಚ್ಚಾಗಿ ಅರ್ತಿಂಗ್ ಸಮಸ್ಯೆ, ಎರಡು ಉಪಕರಣ ಎರಡು ಸಾಕೆಟ್ಟಿನಲ್ಲಿದ್ದು ನಡುವೆ ಆಡಿಯೊ ವೈರ್ ಹೋದರೆ ಅದರಲ್ಲಿ ಬೇಡದ ಕರೆಂಟ್ ಸುತ್ತು ಹೊಡೆಯುತ್ತೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಮುಕ್ಕಾಲು ಹೋಯ್ತು. ಉಳಿದದ್ದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಬೆರಳುದ್ದದ ಡಬ್ಬಿ ಸಿಗುತ್ತೆ, ಕೆಲವೇ ನೂರು ರೂಪಾಯಿ, ಆಡಿಯೊ ವೈರಿನ ನಡುವೆ ಹಾಕೋದು. ಅದು ಹಾಕಿದ ಮೇಲೆ ಪೂರ್ತಿ ಶಾಂತಿ. ಯಾರೋ ಹೇಳಿದರು ಅಂತ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಮುರಿಯಬೇಡಿ, ದನಿ ನಿಂತೀತು, ಜೊತೆಗೆ ನೀವೂ.

ಅಂಗಡಿಯಲ್ಲಿ ಕೊಳ್ಳುವಾಗ ಒಂದು ಕೊನೇ ಪರೀಕ್ಷೆ, ಇದನ್ನು ನಾನು ಮರೆತೆ, ನೀವು ಮರೀಬೇಡಿ. ಏನೂ ಹಾಕದೆ ವಾಲ್ಯೂಮ್ ಪೂರ್ತಿ ಎತ್ತಿ ಪುಟ್ಟ ಡಬ್ಬಕ್ಕೆ ಕಿವಿ ಇಟ್ಟು ಕೇಳಿ. ಸ್ವಲ್ಪ ಸುಯ್ ಅನ್ನೋದು ಸಹಜ. ಆದರೆ ಕೂತ ಜಾಗಕ್ಕೇ ಕೇಳಿಸಿದರೆ ರಾತ್ರಿ ಹೊತ್ತು ಹುಚ್ಚು ಹಿಡಿಸುತ್ತೆ. ಹಾಗೇ ನಾಬನ್ನು ತೀರಾ ಕೆಳಗಿಳಿಸಿ ಎರಡೂ ಕಡೆ ಸಮ ಬರ್ತಿದೆಯಾ ನೋಡಿ. ಅಗ್ಗದ ನಾಬುಗಳಲ್ಲಿ ದನಿ ಸಣ್ಣ ಮಾಡಿದಾಗ ಒಂದು ಕಡೆ ಮೊದಲೇ ಸತ್ತುಹೋಗಿರುತ್ತೆ.

ಜೆಡ್213ರಲ್ಲಿ ಸಿಗದೇ ಇರೋದು ಏನು ಅಂತ ಕೇಳಿದರೆ, ನಿಜವಾದ ತಳದ ಬೇಸ್ ಸಿಗಲ್ಲ. ಸಿನಿಮಾದಲ್ಲಿ ಭೂಮಿ ನಡುಗಿದರೆ ನಿಮ್ಮ ಕುರ್ಚಿ ನಡುಗಲ್ಲ. ನೆಂಟರು ತುಂಬಿದ ಹಾಲಿಗೆ ಇದು ಸಾಲಲ್ಲ. ಮಗನಿಗೆ ಮೊದಲ ವಾರ ಸಪ್ಪೆ ಅನ್ನಿಸ್ತು, 'ಅಪ್ಪಾ, ಪಂಚ್ ಇಲ್ವೇ ಇಲ್ಲ' ಅಂತ ಮುಖ ಸಣ್ಣ ಮಾಡಿದ. ಎರಡನೇ ವಾರ ಗೇಮಿನಲ್ಲಿ ಹಿಂದೆ ಯಾರೋ ಎಡಗಡೆಯಿಂದ ಓಡಿ ಬರೋ ಹೆಜ್ಜೆ ಸದ್ದು ಕೇಳಿಸ್ತಿದೆ ಅಂದ. ಆಮೇಲೆ ದೂರು ನಿಂತಿತು. ಹಳೇ ಸೆಟ್ ವಾಪಸ್ ಕೊಡೋ ಗಡುವು ಮುಗಿದಿತ್ತು. ಷಡ್ಡಕನ ಮಗ ಅವರ ಬೀದಿಯ ಗಣೇಶನ ಪೆಂಡಾಲಿಗೆ ಅಂತ ಎತ್ತಿಕೊಂಡು ಹೋದ. ಲೈಟಿನ ಮೇಲಿನ ಟೇಪ್ ಕಿತ್ತು ಕೊಟ್ಟೆ.

ಹೋದ ತಿಂಗಳು ಮಾವ ಮತ್ತೆ ಬಂದಿದ್ದರು. ಈ ಸಲ ನಾನು ಸ್ಪೀಕರಿನ ವಿಷಯ ಎತ್ತಲೇ ಇಲ್ಲ. ಅದೇ ರೆಕಾರ್ಡಿಂಗ್ ಹಾಕಿ ಕಾಫಿ ತರೋಕೆ ಒಳಗೆ ಹೋದೆ. ಬಂದು ನೋಡಿದರೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತಿದ್ದಾರೆ, ಬೆರಳು ತೊಡೆ ಮೇಲೆ ತಾಳ ಹಾಕ್ತಾ ಇದೆ. ಸ್ಪೀಕರ್ ಹೇಗಿದೆ ಅಂತ ಒಂದು ಮಾತೂ ಆಡಲಿಲ್ಲ. 'ಈ ಪದ ಇಲ್ಲಿ ಇಷ್ಟು ಎಳೆಯೋದು ಸರಿಯಲ್ಲ ಮಾರಾಯ್ರೇ, ವೇಷಧಾರಿ ಎಷ್ಟು ಹೊತ್ತು ಅಂತ ಕುಣೀಬೇಕು?' ಅಂತ ಭಾಗವತರ ಮೇಲೆ ಜಗಳಕ್ಕೆ ನಿಂತಿದ್ದರು. ಕಾಫಿ ಲೋಟ ಕೈಗೆ ಕೊಟ್ಟರೆ, ಕಣ್ಣು ತೆಗೆಯದೇ ಇನ್ನೊಂದು ಕೈಯಲ್ಲಿ ಆ ಗುಂಡಿಯನ್ನು ಒಂಚೂರು ಮೇಲಕ್ಕೆ ತಿರುಗಿಸಿದರು.